ಕಿವಿ ಚುಚ್ಚಿಸುವುದು ಎಲ್ಲಿ? ಮನೆಯಲ್ಲೋ, ಆಚಾರರ ಕೈಲೋ, ಗನ್ನಿನಲ್ಲೋ, ಡಾಕ್ಟರ ಹತ್ತಿರವೋ

ಬರುವ ತಿಂಗಳು ನನ್ನ ತಮ್ಮನ ಮಗಳಿಗೆ ಕಿವಿ ಚುಚ್ಚಿಸಬೇಕು. ಮಗುವಿಗೆ ಐದು ತಿಂಗಳು ತುಂಬುತ್ತಿದೆ. ಆಲೂರು ಕಡೆಯ ನಮ್ಮೂರಿನಲ್ಲಿ ಅಮ್ಮ ಆಗಲೇ ಚಿನ್ನದ ಕೆಲಸದ ಆಚಾರರಿಗೆ ಹೇಳಿಟ್ಟಿದ್ದಾರೆ. ತಮ್ಮನ ಹೆಂಡತಿಗೆ ಹಾಸನದ ಒಡವೆ ಅಂಗಡಿಯಲ್ಲಿ ಗನ್ ಶಾಟ್ ಹೊಡೆಸಿಬಿಡುವ ಮನಸ್ಸು; "ಟಕ್ ಅಂದ್ರೆ ಮುಗೀತು, ಮಗು ಅಳೋಕೂ ಟೈಮಿರಲ್ಲ" ಅನ್ನುತ್ತಾಳೆ. ಮಗುವಿನ ಸೋದರಮಾವ ಮಕ್ಕಳ ಡಾಕ್ಟರ ಹೆಸರೆತ್ತುತ್ತಾನೆ. ಚಿಕ್ಕಮ್ಮ ಮಾತ್ರ ಇದೆಲ್ಲ ಓಡಾಟವೇ ಬೇಡ ಎಂದರು: "ನಿಂಬೆ ಮುಳ್ಳಲ್ಲಿ ನಾನೇ ಎಷ್ಟು ಮಕ್ಕಳಿಗೆ ಚುಚ್ಚಿಲ್ಲ? ಒಬ್ಬರಿಗಾದ್ರೂ ಏನಾದ್ರೂ ಆಯ್ತಾ?"

ಹೀಗೆ ಒಂದೇ ಮನೆಯಲ್ಲಿ ನಾಲ್ಕು ದಾರಿ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣ ತಂಗಿಯ ಮಗಳು.

ಅವಳು ಆಗ ಸಕಲೇಶಪುರದಲ್ಲಿ ಸೆಕೆಂಡ್ ಪಿಯು. ಕಿವಿಯ ಕೆಳಗಿನ ಹಾಲೆಯಲ್ಲಿ ತೂತು ಮೊದಲೇ ಇತ್ತು. ಅವಳಿಗೆ ಬೇಕಾಗಿದ್ದು ಕಿವಿಯ ಮೇಲ್ತುದಿಯಲ್ಲಿ ಒಂದು ಸಣ್ಣ ರಿಂಗು. ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿಕೊಂಡು, ಗ್ಯಾಸ್ ಒಲೆಯ ಉರಿಯಲ್ಲಿ ಪಿನ್ನು ಕಾಯಿಸಿ, ಐಸ್ ಒತ್ತಿ, ಕಿವಿಯ ಹಿಂದೆ ಆಲೂಗಡ್ಡೆಯ ಹೋಳು ಹಿಡಿದು, ಗೆಳತಿಯ ಕೈಯಲ್ಲಿ ಚುಚ್ಚಿಸಿಕೊಂಡಳು. ಆಷಾಢದ ಮಳೆ ಹಿಡಿದು ಕೂತಿದ್ದ ವಾರ. ನಾಲ್ಕನೇ ದಿನ ನಾನು ಹೋದಾಗ ಕೂದಲು ಇಳಿಬಿಟ್ಟುಕೊಂಡು ಕೂತಿದ್ದಳು. "ನೋವೇನಿಲ್ಲ ದೊಡ್ಡಮ್ಮ, ಸ್ವಲ್ಪ ಬಿಸಿ ಇದೆ ಅಷ್ಟೆ" ಎಂದಳು. ಕೂದಲು ಸರಿಸಿ ನೋಡಿದೆ. ಕಿವಿಯ ಮೇಲರ್ಧ ಕೆಂಪಗೆ ಊದಿ ಮಡಿಕೆಗಳೇ ಕಾಣುತ್ತಿರಲಿಲ್ಲ. ಕೆಳಗಿನ ಹಾಲೆ ಮಾತ್ರ ಎಂದಿನಂತೆ ಮೆತ್ತಗೆ, ತಣ್ಣಗೆ ಇತ್ತು. ಹಾಲೆ ಸರಿಯಿದೆಯಲ್ಲ ಎಂದು ನಾನು ಸಮಾಧಾನಪಟ್ಟುಕೊಂಡೆ. ಆ ಲಕ್ಷಣವೇ ಅಪಾಯದ್ದು ಎಂದು ನನಗೆ ಗೊತ್ತಿರಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಅಮಾಕ್ಸಿಸಿಲಿನ್ ಮಾತ್ರೆ ತಂದೆವು. ಮೂರು ದಿನ ಹೋಯಿತು. ಹಾಸನಕ್ಕೆ ಕರೆತಂದು ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸುವ ಹೊತ್ತಿಗೆ ಒಳಗೆ ಕೀವು ತುಂಬಿ, ಕೊಯ್ದು ತೆಗೆಯಬೇಕಾಯಿತು. ಜೀವಕ್ಕೇನೂ ಆಗಲಿಲ್ಲ. ಆದರೆ ಆ ಕಿವಿಯ ಮೇಲ್ತುದಿ ಮುದುಡಿಕೊಂಡಿದೆ, ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಅವಳು ಈಗಲೂ ಆ ಬದಿಗೆ ಜಡೆ ಎತ್ತಿ ಕಟ್ಟುವುದಿಲ್ಲ.

ಮೊದಲು ಕೇಳಬೇಕಾದ್ದು: ಹಾಲೆಯೋ, ಮೇಲ್ಭಾಗವೋ?

ಯಾರ ಹತ್ತಿರ ಹೋಗಬೇಕೆಂಬ ಪ್ರಶ್ನೆಗಿಂತ ಮೊದಲಿನದು ಇದು. ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಗೊಂದಲ ತಾನೇ ತೀರುತ್ತದೆ.

ಹಾಲೆಯಲ್ಲಿ ಇರುವುದು ಚರ್ಮ ಮತ್ತು ಕೊಬ್ಬು. ರಕ್ತ ಚೆನ್ನಾಗಿ ಹರಿಯುತ್ತದೆ, ಗಾಯ ಬೇಗ ಮಾಯುತ್ತದೆ. ಸಾಮಾನ್ಯವಾಗಿ 6ರಿಂದ 8 ವಾರ ಸಾಕು. ಮೇಲ್ಭಾಗದಲ್ಲಿ ಇರುವುದು ಮೃದ್ವಸ್ಥಿ, ಅಂದರೆ ಬಗ್ಗಿಸಿದರೆ ಬಗ್ಗುವ ಎಳೆಮೂಳೆ. ಅದಕ್ಕೆ ತನ್ನದೇ ರಕ್ತನಾಳಗಳಿಲ್ಲ. ಮೇಲೆ ಹೊದ್ದ ತೆಳುವಾದ ಪೊರೆಯಿಂದಲೇ ಅದಕ್ಕೆ ಆಹಾರ ಬರಬೇಕು. ತೂತು ಮಾಡಿದ ಜಾಗದಲ್ಲಿ ಸೋಂಕು ಹತ್ತಿ ಕೀವು ತುಂಬಿದರೆ ಪೊರೆ ಎಳೆಮೂಳೆಯಿಂದ ಎದ್ದು ನಿಲ್ಲುತ್ತದೆ. ಅನ್ನ ನಿಂತ ಎಳೆಮೂಳೆ ಸಾಯುತ್ತದೆ. ಪೆರಿಕಾಂಡ್ರೈಟಿಸ್ ಎಂದು ಡಾಕ್ಟರು ಬರೆದುಕೊಟ್ಟದ್ದು ಈ ಪೊರೆಯ ಉರಿಯೂತವನ್ನೇ. ಹಾಲೆಯಲ್ಲಿ ಎಳೆಮೂಳೆ ಇಲ್ಲ. ಆದ್ದರಿಂದ ಮೇಲೆಲ್ಲ ಕೆಂಪಾಗಿ ಹಾಲೆ ಮಾತ್ರ ಸರಿಯಿದ್ದರೆ ಅದು ಸಮಾಧಾನಪಡುವ ಸಂಗತಿಯಲ್ಲ, ಅದೇ ದಿನ ಆಸ್ಪತ್ರೆಗೆ ಓಡಬೇಕಾದ ಸಂಗತಿ.

ಮೇಲ್ಭಾಗದ ಸೋಂಕಿಗೆ ಹೆಚ್ಚಾಗಿ ಕಾರಣವಾಗುವುದು ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ. ನೀರು ಮತ್ತು ತೇವ ಇದ್ದಲ್ಲೆಲ್ಲ ಇರುತ್ತದೆ. ಅಮಾಕ್ಸಿಸಿಲಿನ್ ಇದಕ್ಕೆ ನಾಟುವುದೇ ಇಲ್ಲ. ಬೇರೆ ಗುಂಪಿನ ಔಷಧಿ ಬೇಕು, ಅದನ್ನು ಡಾಕ್ಟರೇ ಆರಿಸಬೇಕು. ನಾವು ಮೆಡಿಕಲ್ ಸ್ಟೋರಿನ ಮಾತ್ರೆ ನಂಬಿ ಕಳೆದ ಮೂರು ದಿನದ ಲೆಕ್ಕ ಅಲ್ಲಿದೆ. ಸರಿಯಾಗಿ ಚುಚ್ಚಿದರೂ ಮೇಲ್ಭಾಗ ಪೂರ್ತಿ ಮಾಯಲು ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ.

"ನಮ್ಮ ಅಜ್ಜಿಯರು ಬುಗುಡಿ ಹಾಕ್ಕೊಂಡಿರಲಿಲ್ವಾ?" ಎಂದು ಕೇಳುವವರಿದ್ದಾರೆ. ಕಿವಿಯ ಮೇಲಂಚಿನ ಆ ಒಡವೆಯನ್ನು ಹಾಕಿಕೊಂಡಿದ್ದರು. ನನ್ನ ಅಜ್ಜಿಯ ಎಡಗಿವಿಯ ಮೇಲಂಚು ಒಳಗೆ ಮಡಿಚಿಕೊಂಡಿತ್ತು. ಅದು ಹುಟ್ಟಿನಿಂದಲೇ ಹಾಗೆ ಎಂದುಕೊಂಡು ಬೆಳೆದವಳು ನಾನು. ಮೊಮ್ಮಗಳ ಕಿವಿ ಮುದುಡಿದ ಮೇಲೆ ಅಮ್ಮ ಹೇಳಿದರು, ಅದು ಬುಗುಡಿ ಚುಚ್ಚಿದಾಗ ಕೀವಾಗಿ ಆದದ್ದಂತೆ.

ಮನೆಯಲ್ಲಿ ಚುಚ್ಚುವುದು

ಇದನ್ನು ನಾನು ದಾರಿಯೆಂದೇ ಎಣಿಸುವುದಿಲ್ಲ. ಆದರೂ ಹೆಚ್ಚು ಬರೆಯಬೇಕಾದ್ದು ಇದರ ಬಗ್ಗೆಯೇ. ಏಕೆಂದರೆ ಮಾಡುವವರು ಎಲ್ಲ ಎಚ್ಚರಿಕೆ ತೆಗೆದುಕೊಂಡಿದ್ದೇವೆ ಎಂದೇ ನಂಬಿರುತ್ತಾರೆ. ತಂಗಿಯ ಮಗಳೂ ಹಾಗೇ ನಂಬಿದ್ದಳು. ಅವಳ ಒಂದೊಂದು ಎಚ್ಚರಿಕೆಯನ್ನೂ ಬಿಡಿಸಿ ನೋಡಿ.

ಉರಿಯಲ್ಲಿ ಕಾಯಿಸಿದ್ದು. ಪಿನ್ನು ಉರಿಯಿಂದ ಆಚೆ ಬಂದ ಗಳಿಗೆಯಿಂದ ಅದು ಕೈ, ಬಟ್ಟೆ, ಮೇಜು ಎಲ್ಲವನ್ನೂ ಮುಟ್ಟುತ್ತದೆ. ಮೇಲೆ ಕೂತ ಮಸಿ ಗಾಯದೊಳಗೆ ಹೋಗುತ್ತದೆ. ಆಸ್ಪತ್ರೆಯ ಆಟೋಕ್ಲೇವ್ ಯಂತ್ರ ನಮ್ಮ ಪ್ರೆಶರ್ ಕುಕ್ಕರಿನ ದೊಡ್ಡಣ್ಣ. 121 ಡಿಗ್ರಿಯ ಹಬೆಯಲ್ಲಿ, ಒತ್ತಡದಲ್ಲಿ, ಕನಿಷ್ಠ 15 ನಿಮಿಷ ಇಡುತ್ತಾರೆ. ಅದಕ್ಕಿಂತ ಮುಖ್ಯವಾದ್ದು, ಮುಚ್ಚಿದ ಪೊಟ್ಟಣದಲ್ಲೇ ಇಟ್ಟು ಬೇಯಿಸಿ, ಬಳಸುವ ಕ್ಷಣದವರೆಗೂ ಪೊಟ್ಟಣ ಒಡೆಯುವುದಿಲ್ಲ. ಮನೆಯ ಕುಕ್ಕರಿನಲ್ಲಿ ಬೇಯಿಸಿದರೂ ಆಚೆ ತೆಗೆದು ಬರಿಗೈಯಲ್ಲಿ ಹಿಡಿದ ಮೇಲೆ ಬೇಯಿಸಿದ್ದು ವ್ಯರ್ಥ.

ಡೆಟಾಲ್, ಸ್ಪಿರಿಟ್. ಚರ್ಮದ ಮೇಲಿನ ಕೊಳೆ, ಅನೇಕ ಬ್ಯಾಕ್ಟೀರಿಯಾ ಹೋಗುತ್ತವೆ, ನಿಜ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಸ್ಪಿರಿಟ್ಟಿಗೆ ಸಾಯುವುದಿಲ್ಲ. ಅವು ಮಣ್ಣಿನಲ್ಲಿ, ಸಗಣಿಯಲ್ಲಿ, ಗೊಬ್ಬರದಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಕೊಟ್ಟಿಗೆ ಇರುವ ಮನೆ, ಅಂಗಳದ ನಿಂಬೆ ಗಿಡದ ಮುಳ್ಳು ಎಂದಾಗ ನನಗೆ ಮೊದಲು ನೆನಪಾಗುವುದು ಇದೇ. ಚಿಕ್ಕಮ್ಮನಿಗೂ ಇದನ್ನೇ ಹೇಳಿದೆ. ಅವರ ಕೈಗುಣದ ಬಗ್ಗೆ ನನಗೆ ಅನುಮಾನವಿಲ್ಲ, ಮುಳ್ಳಿನ ಬಗ್ಗೆ ಇದೆ.

ಐಸು ಮತ್ತು ಆಲೂಗಡ್ಡೆ. ಐಸು ಚರ್ಮವನ್ನು ಮರಗಟ್ಟಿಸುತ್ತದೆ, ಜೊತೆಗೆ ಗಟ್ಟಿಯನ್ನೂ ಮಾಡುತ್ತದೆ. ಗಟ್ಟಿಯಾದ ಚರ್ಮಕ್ಕೆ ಪಿನ್ನನ್ನು ಇನ್ನಷ್ಟು ಒತ್ತಬೇಕು, ಹಾಗೆ ಒತ್ತುವಾಗ ಕೈ ಜಾರುತ್ತದೆ. ಆಲೂಗಡ್ಡೆ ಮಣ್ಣಿನೊಳಗೆ ಬೆಳೆದದ್ದು. ಹಿಂದಿನಿಂದ ಆಚೆ ಬರುವ ಪಿನ್ನಿನ ತುದಿ ಮೊದಲು ಅದರೊಳಗೆ ಹೋಗಿ, ಮತ್ತೆ ಹಿಂದಕ್ಕೆ ಬರುವಾಗ ಅದರ ರಸವನ್ನು ಗಾಯದೊಳಗೆ ಎಳೆದುಕೊಂಡು ಬರುತ್ತದೆ.

ಇನ್ನು ಪಿನ್ನು. ಚುಚ್ಚುವುದಕ್ಕೆಂದೇ ಮಾಡಿದ ಸೂಜಿ ಟೊಳ್ಳಾಗಿರುತ್ತದೆ, ತುದಿ ಓರೆಯಾಗಿ ಹರಿತವಾಗಿರುತ್ತದೆ. ಚರ್ಮವನ್ನು ಕತ್ತರಿಸಿ ದಾರಿ ಮಾಡುತ್ತದೆ. ಪಿನ್ನಾಗಲಿ ಬಟ್ಟೆ ಹೊಲಿಯುವ ಸೂಜಿಯಾಗಲಿ ಚರ್ಮವನ್ನು ತಳ್ಳಿ ಹರಿದುಕೊಂಡು ಹೋಗುತ್ತದೆ. ಹೊಲಿಗೆ ಸೂಜಿಯ ತೂತು ಓಲೆಯ ಕಡ್ಡಿಗೆ ಸಾಲುವುದೂ ಇಲ್ಲ. ಸೂಜಿ ತೆಗೆದ ಮೇಲೆ ರಕ್ತ ಜಿನುಗುವ ತೂತನ್ನು ಹುಡುಕುತ್ತಾ, ತಿರುವುತ್ತಾ ಓಲೆ ತುರುಕುತ್ತಾರೆ. ನಿಜವಾದ ಗಾಯ ಆಗುವುದು ಆಗ. ಅರ್ಧಕ್ಕೆ ನೋವು ತಡೆಯದೆ ನಿಲ್ಲಿಸಿದವರೂ ಇದ್ದಾರೆ, ತಲೆ ಸುತ್ತಿ ಬಿದ್ದವರೂ ಇದ್ದಾರೆ.

ಹಾಸ್ಟೆಲುಗಳಲ್ಲಿ ಇನ್ನೊಂದು ನಡೆಯುತ್ತದೆ, ಒಂದೇ ಪಿನ್ನಿನಲ್ಲಿ ನಾಲ್ಕು ಜನ. ಹೆಪಟೈಟಿಸ್ ಬಿ ವೈರಸ್ಸು ದೇಹದ ಆಚೆ, ಒಣಗಿದ ರಕ್ತದಲ್ಲಿ ಕನಿಷ್ಠ ಏಳು ದಿನ ಜೀವ ಹಿಡಿದಿರುತ್ತದೆ. ಕಣ್ಣಿಗೆ ಕಾಣುವಷ್ಟು ರಕ್ತವೇ ಬೇಕಿಲ್ಲ. ಅದಕ್ಕಾದರೂ ಲಸಿಕೆ ಇದೆ. ಹೆಪಟೈಟಿಸ್ ಸಿ, ಎಚ್‌ಐವಿಗೆ ಲಸಿಕೆ ಇಲ್ಲ. ಹಾಸ್ಟೆಲಿನಲ್ಲಿ ಮಗಳನ್ನು ಬಿಟ್ಟಿರುವ ತಾಯಂದಿರು ಈ ಒಂದು ಮಾತನ್ನು ಗದರದೆ, ಕೂರಿಸಿಕೊಂಡು ಹೇಳಬೇಕು. ಗದರಿದರೆ ಮಕ್ಕಳು ಊದಿದ ಕಿವಿಯನ್ನು ಕೂದಲಲ್ಲಿ ಮುಚ್ಚಿಡುತ್ತಾರೆ. ನಮ್ಮ ಹುಡುಗಿ ನಾಲ್ಕು ದಿನ ಮುಚ್ಚಿಟ್ಟಿದ್ದು ಅಮ್ಮ ಬೈಯುತ್ತಾಳೆಂಬ ಭಯಕ್ಕೆ.

ಆಚಾರರು

ನಮ್ಮ ಕಡೆ ಕಿವಿ ಚುಚ್ಚುವುದೆಂದರೆ ಒಂದು ಸಣ್ಣ ಹಬ್ಬವೇ. ಸೋದರಮಾವನ ತೊಡೆ, ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಬೆಲ್ಲ, ಆಚಾರರಿಗೆ ದಕ್ಷಿಣೆ. ಹಳೆಯ ಆಚಾರರ ಕೈಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಎರಡು ಕಿವಿಯನ್ನೂ ಬೆಳಕಿಗೆ ಹಿಡಿದು, ಎಳೆಮಗುವಿನ ಹಾಲೆ ಮುಂದೆ ಎಷ್ಟು ಬೆಳೆಯುತ್ತದೆಂದು ಅಂದಾಜಿಸಿ ಚುಕ್ಕೆ ಇಡುವ ಆ ಕಣ್ಣಳತೆ ಬೇರೆಲ್ಲೂ ಸಿಗುವುದಿಲ್ಲ. ಚುಕ್ಕೆ ತೀರಾ ಕೆಳಗೆ ಬಿದ್ದರೆ ಮದುವೆಯ ಹೊತ್ತಿಗೆ ಜುಮುಕಿಯ ಭಾರಕ್ಕೆ ಹಾಲೆ ಹರಿಯುತ್ತದೆ.

ಇನ್ನೊಂದು ಅನುಕೂಲವನ್ನು ಯಾರೂ ಗಮನಿಸುವುದಿಲ್ಲ. ಆಚಾರರು ಚುಚ್ಚುವುದು ತುದಿ ಚೂಪು ಮಾಡಿದ ಚಿನ್ನದ ತಂತಿಯಿಂದಲೇ. ಅದೇ ಸೂಜಿ, ಅದೇ ಒಡವೆ. ಒಮ್ಮೆ ಚುಚ್ಚಿ, ಬಗ್ಗಿಸಿ, ಸುತ್ತಿಬಿಟ್ಟರೆ ಮುಗಿಯಿತು. ತೆಗೆದು ಇನ್ನೊಂದನ್ನು ತುರುಕುವ ಕೆಲಸವಿಲ್ಲ.

ಕೊರತೆ ಇರುವುದು ಶುಚಿಯಲ್ಲಿ. ಬರಿಗೈ, ದಿನವಿಡೀ ಕೆಲಸಕ್ಕೆ ಬಳಸಿದ ಇಕ್ಕಳ, ತಂತಿಗೆ ಸವರುವ ಕೊಬ್ಬರಿ ಎಣ್ಣೆ, ಮೇಲೆ ಅರಿಶಿನ. ಅರಿಶಿನದ ಗುಣ ಅರಿಶಿನಕ್ಕಿದ್ದರೂ ಡಬ್ಬಿಯಲ್ಲಿರುವ ಪುಡಿಯಲ್ಲಿ ಕ್ರಿಮಿ ಇರಬಹುದು, ಅಡುಗೆಮನೆಯ ಎಣ್ಣೆಯಲ್ಲೂ ಇರಬಹುದು. ಎರಡೂ ಸೇರಿ ತೂತಿನ ಬಾಯಿಗೆ ಅಂಟಿ ಕೂತರೆ ಒಳಗಿನ ರಸ ಆಚೆ ಬರಲು ದಾರಿಯಿರುವುದಿಲ್ಲ. ಆಚಾರರನ್ನೇ ಕರೆಯುವುದಾದರೆ ತಂತಿ ಹೊಸದಾಗಿರಲಿ, ತುದಿಯ ಸುತ್ತು ಚುಚ್ಚದಂತೆ ಅರದಿಂದ ನುಣುಪು ಮಾಡಲಿ, ಕೈಯನ್ನು ಸೋಪಿನಿಂದ ತೊಳೆದು ಹೊಸ ಗ್ಲೌಸ್ ಹಾಕಿಕೊಳ್ಳಲಿ. ಒಂದು ಜೊತೆ ಗ್ಲೌಸನ್ನು ನಾವೇ ಮೆಡಿಕಲ್ ಸ್ಟೋರಿನಿಂದ ತಂದಿಟ್ಟು, "ಸ್ವಾಮಿ, ಮಗು ಎಳೇದು, ಇದನ್ನ ಹಾಕ್ಕೊಂಡು ಮಾಡಿ" ಎಂದರೆ ಬೇಸರ ಮಾಡಿಕೊಳ್ಳುವವರನ್ನು ನಾನು ಕಂಡಿಲ್ಲ. ಮೇಲ್ಭಾಗವನ್ನು ಮಾತ್ರ ಅವರಿಂದಲೂ ಚುಚ್ಚಿಸಬೇಡಿ.

ಒಡವೆ ಅಂಗಡಿ, ಪಾರ್ಲರಿನ ಗನ್ನು

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಈಗ ಹೆಚ್ಚು ಜನ ಹೋಗುವುದು ಇಲ್ಲಿಗೇ. ಬೇಗ ಆಗುತ್ತದೆ, ಕೈ ನಡುಗುವ ಪ್ರಶ್ನೆಯಿಲ್ಲ. ಗನ್ನಿನೊಳಗೆ ಇರುವುದು ಸ್ಪ್ರಿಂಗು. ಅದು ಓಲೆಯ ಕಡ್ಡಿಯನ್ನೇ ರಭಸದಿಂದ ಹಾಲೆಯ ಮೂಲಕ ದೂಡುತ್ತದೆ. ಕಡ್ಡಿಯ ತುದಿ ಟೊಳ್ಳು ಸೂಜಿಯಷ್ಟು ಹರಿತವಲ್ಲ, ಹಾಗಾಗಿ ಅಲ್ಲಿ ಆಗುವುದು ಕತ್ತರಿಸಿದ ಗಾಯಕ್ಕಿಂತ ಜಜ್ಜಿದ ಗಾಯ. ಮೆತ್ತಗಿನ ಹಾಲೆ ಅದನ್ನು ತಾಳಿಕೊಳ್ಳುತ್ತದೆ. ಎಳೆಮೂಳೆ ತಾಳಿಕೊಳ್ಳುವುದಿಲ್ಲ, ಒಳಗೇ ಬಿರುಕು ಬಿಡಬಹುದು, ಮೇಲಿನ ಪೊರೆ ಕಿತ್ತು ಬರಬಹುದು.

ಗನ್ನುಗಳಲ್ಲಿ ಎರಡು ಬಗೆ. ಹಳೆಯದರಲ್ಲಿ ಪ್ಲಾಸ್ಟಿಕ್ ಗನ್ನನ್ನೇ ಒಬ್ಬರಾದ ಮೇಲೆ ಒಬ್ಬರಿಗೆ ಬಳಸುತ್ತಾರೆ. ಕಿವಿಗೆ ತಾಗುವ ಭಾಗ ಎಲ್ಲರಿಗೂ ಒಂದೇ. ಪ್ಲಾಸ್ಟಿಕ್ ಆದ್ದರಿಂದ ಆಟೋಕ್ಲೇವಿಗೆ ಹಾಕುವಂತಿಲ್ಲ, ಹತ್ತಿಯಲ್ಲಿ ಸ್ಪಿರಿಟ್ ಒರೆಸುತ್ತಾರೆ ಅಷ್ಟೆ. ಹೊಸ ಬಗೆಯದರಲ್ಲಿ ಓಲೆಯೂ ಕಿವಿಗೆ ತಾಗುವ ಭಾಗವೂ ಒಟ್ಟಿಗೆ ಒಂದು ಮುಚ್ಚಿದ ಪೊಟ್ಟಣದಲ್ಲಿ ಬರುತ್ತವೆ, ಒಬ್ಬರಿಗೆ ಬಳಸಿ ಬಿಸಾಡುತ್ತಾರೆ. ಅಂಗಡಿಯಲ್ಲಿ ಕೇಳಬೇಕಾದ್ದು ಇಷ್ಟೇ: "ಕಿವಿಗೆ ತಾಗೋ ಭಾಗ ಹೊಸದಾ? ನನ್ನ ಮುಂದೆ ಪೊಟ್ಟಣ ಒಡೀತೀರಾ?" ಒಡೆಯದಿದ್ದರೆ ಎದ್ದು ಬನ್ನಿ.

ಗನ್ನಿನ ಓಲೆಯಲ್ಲಿ ಇನ್ನೊಂದು ತೊಂದರೆ ಹಿಂದಿನ ಬಿರಡೆಯದು. ಅದು ಬಿಗಿಯಾಗಿ ಕೂತುಬಿಡುತ್ತದೆ. ಎರಡನೇ ದಿನ ಹಾಲೆ ಸಹಜವಾಗಿಯೇ ಸ್ವಲ್ಪ ಊದುತ್ತದೆ. ಊದಲು ಜಾಗವಿಲ್ಲದಿದ್ದರೆ ಓಲೆ ಚರ್ಮದೊಳಗೇ ಹೂತುಹೋಗುತ್ತದೆ. ಹಾಗೆ ಹೂತದ್ದನ್ನು ಆಸ್ಪತ್ರೆಯಲ್ಲಿ ಮರಗಟ್ಟಿಸಿ, ಕೊಯ್ದು ತೆಗೆಯಬೇಕಾಗುತ್ತದೆ. ಗುಂಡು ಕೆನ್ನೆಯ ಮಕ್ಕಳ ದಪ್ಪ ಹಾಲೆಗೆ ಈ ಅಪಾಯ ಹೆಚ್ಚು. ಹಾಲೆಗೂ ಬಿರಡೆಗೂ ನಡುವೆ ಅಕ್ಕಿಕಾಳು ಹಿಡಿಯುವಷ್ಟಾದರೂ ಸಂದು ಇರಲೇಬೇಕು.

ಮೇಲ್ಭಾಗಕ್ಕೆ ಗನ್ನು ಹೊಡೆಸಿದರೆ ಏನಾಗಬಹುದೆಂಬುದಕ್ಕೆ ಅಮೆರಿಕದ ಆರೆಗಾನ್‌ನಲ್ಲಿ 2000ನೇ ಇಸವಿಯಲ್ಲಿ ನಡೆದದ್ದು ಸಾಕ್ಷಿ. ಒಂದೇ ಅಂಗಡಿಯಲ್ಲಿ ಕಿವಿಯ ಮೇಲ್ಭಾಗ ಚುಚ್ಚಿಸಿಕೊಂಡವರಲ್ಲಿ ಏಳು ಜನಕ್ಕೆ ಸ್ಯೂಡೋಮೊನಾಸ್ ಸೋಂಕು ಖಚಿತವಾಯಿತು, ಇನ್ನೂ 18 ಜನರಲ್ಲಿ ಸೋಂಕಿನ ಶಂಕೆಯಿತ್ತು. ಹುಡುಕುತ್ತಾ ಹೋದಾಗ ಬ್ಯಾಕ್ಟೀರಿಯಾ ಸಿಕ್ಕಿದ್ದು ಕ್ರಿಮಿನಾಶಕ ಸಿಂಪಡಿಸುವ ಬಾಟಲಿಯಲ್ಲಿ. ಶುಚಿಗೆಂದು ಬಳಸಿದ ದ್ರವವೇ ರೋಗ ಹಂಚಿತ್ತು. ಗಾಜಿನ ಬಾಗಿಲು, ಎಸಿ, ಹೊಳೆಯುವ ಕೌಂಟರ್ ನೋಡಿ ಶುಚಿಯನ್ನು ಅಳೆಯಬಾರದೆಂದು ನನಗೆ ಮನದಟ್ಟಾದದ್ದು ಇದನ್ನು ಓದಿದ ಮೇಲೆ.

ಡಾಕ್ಟರ ಹತ್ತಿರ

ಮಕ್ಕಳ ಡಾಕ್ಟರು, ಚರ್ಮದ ಡಾಕ್ಟರು, ಕಿವಿ ಮೂಗು ಗಂಟಲು ತಜ್ಞರು, ಈ ಮೂವರಲ್ಲಿ ಯಾರಾದರೂ ಆಗಬಹುದು. ಎಲ್ಲರೂ ಈ ಕೆಲಸ ಒಪ್ಪಿಕೊಳ್ಳುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಒಪ್ಪಿಕೊಂಡಲ್ಲಿ ಸಿಗುವ ಲಾಭ ದೊಡ್ಡದು: ಪೊಟ್ಟಣದಿಂದ ಆಗಷ್ಟೇ ತೆಗೆದ ಸೂಜಿ, ಗ್ಲೌಸು, ಬಳಸಿದ ಸೂಜಿಗೆ ಪ್ರತ್ಯೇಕ ಡಬ್ಬಿ, ತಲೆ ಸುತ್ತಿದರೆ ನೋಡಿಕೊಳ್ಳುವವರು. ನೋವು ಕಡಿಮೆ ಮಾಡಲು ಲಿಗ್ನೊಕೇನ್, ಪ್ರಿಲೊಕೇನ್ ಬೆರೆತ ಮುಲಾಮು ಇದೆ, ಸುಮಾರು ಒಂದು ಗಂಟೆ ಮೊದಲು ಹಚ್ಚಬೇಕು. ಎಳೆಮಕ್ಕಳಿಗೆ ಅದರ ಪ್ರಮಾಣ ಹೆಚ್ಚಾದರೆ ರಕ್ತದಲ್ಲಿ ಆಮ್ಲಜನಕ ಸಾಗುವುದಕ್ಕೇ ತೊಂದರೆಯಾಗುತ್ತದೆ. ಮೆಡಿಕಲ್ ಸ್ಟೋರಿನಿಂದ ತಂದು ನಾವೇ ಹಚ್ಚುವ ಔಷಧಿಯಲ್ಲ ಅದು.

ಎಲ್ಲಕ್ಕಿಂತ ಮೇಲಾದ ಲಾಭವೆಂದರೆ ಡಾಕ್ಟರು ಚುಚ್ಚುವ ಮೊದಲು ಪ್ರಶ್ನೆ ಕೇಳುತ್ತಾರೆ. ಮಗುವಿಗೆ ಹುಟ್ಟಿನಿಂದ ಹೃದಯದ ತೊಂದರೆ ಇದೆಯೆ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟದ ಕಾಯಿಲೆ ಇದೆಯೆ, ಗಾಯ ಮಾಯ್ದ ಜಾಗದಲ್ಲಿ ಗಂಟಾಗಿ ಬೆಳೆಯುವ ಮೈ ಇದೆಯೆ. ಈ ಗಂಟಿಗೆ ಕೀಲಾಯ್ಡ್ ಎನ್ನುತ್ತಾರೆ. ಅದು ಮನೆತನದಲ್ಲಿ ಹರಿದು ಬರುತ್ತದೆ, ನಮ್ಮಂಥ ಕಪ್ಪು, ಗೋಧಿ ಮೈಬಣ್ಣದವರಲ್ಲಿ ಹೆಚ್ಚು. 11 ವರ್ಷದ ನಂತರ ಚುಚ್ಚಿಸಿದವರಲ್ಲಿ ಅದಕ್ಕಿಂತ ಮೊದಲು ಚುಚ್ಚಿಸಿದವರಿಗಿಂತ ಹೆಚ್ಚು ಕಂಡುಬಂದಿದೆ. ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಸ್ಟಿರಾಯ್ಡ್ ತೆಗೆದುಕೊಳ್ಳುವವರು ಡಾಕ್ಟರನ್ನು ಬಿಟ್ಟು ಬೇರೆಲ್ಲಿಗೂ ಹೋಗಬಾರದು.

ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಚುಕ್ಕೆ ಇಡುವುದರಲ್ಲಿ ಎಲ್ಲ ಡಾಕ್ಟರಿಗೂ ಆಚಾರರ ಕಣ್ಣಿರುವುದಿಲ್ಲ. ಒಂದು ಕಿವಿಯ ತೂತು ಮೇಲೆ, ಇನ್ನೊಂದರದು ಕೆಳಗೆ ಆದ ಮಕ್ಕಳನ್ನು ನೋಡಿದ್ದೇನೆ. ಸೂಜಿ ತಾಗುವ ಮುಂಚೆ ಕನ್ನಡಿ ಹಿಡಿದು, ಎದುರಿನಿಂದ ನೋಡಿ, ಎರಡು ಚುಕ್ಕೆ ಸಮವೆನ್ನಿಸುವವರೆಗೂ ಒಪ್ಪಬೇಡಿ. ಡಾಕ್ಟರು ಅಂತ ಸಂಕೋಚಪಡುವ ಜಾಗ ಅದಲ್ಲ.

ಎಳೆಮಗುವಿಗಾದರೆ ಯಾವಾಗ? ಸರ್ಕಾರದ ಲಸಿಕಾ ಪಟ್ಟಿಯಂತೆ ಹುಟ್ಟಿದ ಕೂಡಲೇ ಹೆಪಟೈಟಿಸ್ ಬಿ, ಆಮೇಲೆ 6, 10 ಮತ್ತು 14ನೇ ವಾರ ಪೆಂಟಾವೇಲೆಂಟ್, ಅಂದರೆ ಐದು ರೋಗಕ್ಕೆ ಒಟ್ಟಾಗಿ ಹಾಕುವ ಲಸಿಕೆ ಕೊಡುತ್ತಾರೆ. ಧನುರ್ವಾಯು, ಹೆಪಟೈಟಿಸ್ ಬಿ ಎರಡಕ್ಕೂ ರಕ್ಷಣೆ ಅದರಲ್ಲೇ ಇದೆ. ತಾಯಿ ಕಾರ್ಡಿನಲ್ಲಿ ಆ ಮೂರೂ ಬರೆದು ತುಂಬಿದ ಮೇಲೆ ದಿನ ನೋಡಿ. ಹನ್ನೊಂದನೇ ದಿನದ ನಾಮಕರಣದಲ್ಲೇ ಚುಚ್ಚಿಬಿಡುವ ಮನೆಗಳಿವೆ. ದಯವಿಟ್ಟು ಬೇಡ.

ಹಿರಿಯರು ಒಪ್ಪದಿದ್ದರೆ ಅವರಿಗೆ ಆಯುರ್ವೇದದ ಹಳೆಯ ಗ್ರಂಥ ಸುಶ್ರುತ ಸಂಹಿತೆಯನ್ನೇ ತೋರಿಸಬಹುದು. ಸೂತ್ರಸ್ಥಾನದ 16ನೇ ಅಧ್ಯಾಯ ಇರುವುದೇ ಕಿವಿ ಚುಚ್ಚುವ ಬಗ್ಗೆ. ಅಲ್ಲಿ ಹೇಳಿರುವ ಕಾಲ ಆರನೇ ಅಥವಾ ಏಳನೇ ತಿಂಗಳು. ಕಿವಿಯನ್ನು ಬಿಸಿಲಿಗೆ ಹಿಡಿದು ಬೆಳಕು ಹಾಯುವ ಜಾಗ ನೋಡಿ ಚುಚ್ಚಬೇಕು. ತಪ್ಪು ಜಾಗದಲ್ಲಿ ಚುಚ್ಚಿದರೆ ಜ್ವರ, ಉರಿ, ಊತ, ಗಂಟು, ಕತ್ತು ಸೆಟೆಯುವುದು ಬರುತ್ತದೆ. ಸೂಜಿ ಸರಿಯಿಲ್ಲದಿದ್ದರೆ ನೋವು, ಬಾವು ಎಂದೆಲ್ಲ ಎಚ್ಚರಿಸಲಾಗಿದೆ. ನಮ್ಮಮ್ಮ ಮೆತ್ತಗಾದದ್ದು ಈ ಮಾತಿಗೆ. ಡಾಕ್ಟರು ಹೇಳಿದ್ದಕ್ಕೆ ಆಗಿರಲಿಲ್ಲ.

ಮೇಲ್ಭಾಗವೇ ಬೇಕೆನ್ನುವವರಿಗೆ

ಹದಿಹರೆಯದವರಿಗೆ ಬೇಡವೇ ಬೇಡ ಎಂದರೆ ಅವರು ಮತ್ತೆ ಪಿನ್ನು ಹುಡುಕುತ್ತಾರೆ. ಸುರಕ್ಷಿತ ದಾರಿ ತೋರಿಸುವುದು ಮೇಲು. ಟೊಳ್ಳು ಸೂಜಿಯಿಂದ ಚುಚ್ಚಲು ಒಪ್ಪುವ ಕಿವಿ ಮೂಗು ಗಂಟಲು ತಜ್ಞರು ಊರಲ್ಲೇ ಸಿಕ್ಕರೆ ಅಲ್ಲಿಗೆ. ಇಲ್ಲವಾದರೆ ಇದನ್ನೇ ಕಸುಬಾಗಿ ಕಲಿತವರ ಸ್ಟುಡಿಯೊ ಹುಡುಕಿ ಬೆಂಗಳೂರಿಗೋ ಮೈಸೂರಿಗೋ ಹೋಗಿ ಬರುವುದು. ಅಲ್ಲಿ ಆಟೋಕ್ಲೇವ್ ಇದೆಯೆ, ಸೂಜಿಯ ಪೊಟ್ಟಣದ ಮೇಲೆ ಬಿಸಿಗೆ ಬಣ್ಣ ಬದಲಿಸುವ ಗುರುತು ಇದೆಯೆ, ಹಾಕುವ ಒಡವೆ ಟೈಟಾನಿಯಂನದೆ ಎಂದು ನೋಡಿ. ಗನ್ನು ಕೈಗೆತ್ತಿಕೊಂಡರೆ ಅದು ಸ್ಟುಡಿಯೊ ಅಲ್ಲ. ಒಂದು ಬಾರಿಗೆ ಒಂದೇ ಕಿವಿ. ಮಲಗಲು ಇನ್ನೊಂದು ಬದಿ ಬೇಕು. ಬೋರ್ಡ್ ಪರೀಕ್ಷೆಯ ಮುಂಚೆ ಬೇಡ, ಮಳೆಗಾಲದಲ್ಲಂತೂ ಬೇಡ.

ಹಾಕುವ ಲೋಹ

ಮೊದಲ ಓಲೆಯ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ. ಒಂದು ಗ್ರಾಂ ಗೋಲ್ಡ್, ರೋಲ್ಡ್ ಗೋಲ್ಡ್ ಎಂದು ಮಾರುವುದರಲ್ಲಿ ಒಳಗಿನ ಲೋಹ ಬೇರೆಯದು, ಅದರಲ್ಲಿ ನಿಕಲ್ ಇರಬಹುದು. ಹಸಿ ಗಾಯಕ್ಕೆ ನಿಕಲ್ ತಾಗುತ್ತಿದ್ದರೆ ಕಜ್ಜಿ, ನೀರು ಒಸರುವುದು ಶುರುವಾಗುತ್ತದೆ. ಒಮ್ಮೆ ಆ ಅಲರ್ಜಿ ಹತ್ತಿದರೆ ಜನ್ಮಪೂರ್ತಿ ಬಿಡುವುದಿಲ್ಲ. ವಾಚು, ಜೀನ್ಸಿನ ಗುಂಡಿಯೂ ಆಮೇಲೆ ಆಗಿಬರುವುದಿಲ್ಲ. 22 ಕ್ಯಾರೆಟ್ಟಿನಲ್ಲಿ 91.6 ಭಾಗ ಚಿನ್ನ, ಉಳಿದದ್ದು ಸಾಮಾನ್ಯವಾಗಿ ತಾಮ್ರ, ಬೆಳ್ಳಿ. ಅದು ಒಳ್ಳೆಯದು. ಆದರೆ 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ, ಮಗುವಿನ ಓಲೆ ಅಷ್ಟರೊಳಗೇ ಇರುತ್ತದೆ. ಗುರುತಿಲ್ಲದ್ದನ್ನು ಕೊಳ್ಳುವಾಗ ನಂಬಿಕೆಯ ಅಂಗಡಿ, ಕ್ಯಾರೆಟ್ ಬರೆದ ಬಿಲ್ಲು, ಇವೆರಡೇ ಆಧಾರ. ಬಿಳಿ ಚಿನ್ನದಲ್ಲಿ ನಿಕಲ್ ಬೆರೆತಿರಬಹುದು, ಮೊದಲ ಓಲೆಗೆ ಅದು ಬೇಡ.

ಆಮೇಲಿನ ಆರು ವಾರ

ಚುಚ್ಚುವುದು ಒಂದು ಕ್ಷಣದ ಕೆಲಸ, ಮಾಯಿಸುವುದು ಮನೆಯವರ ಕೆಲಸ. ಡಾಕ್ಟರು ಎಷ್ಟೇ ಶುಚಿಯಾಗಿ ಚುಚ್ಚಲಿ, ಸಂಜೆಗೇ ಅತ್ತೆಯೊಬ್ಬರು ಎಣ್ಣೆ ಅರಿಶಿನ ಮೆತ್ತಿದರೆ ಎಲ್ಲ ಮೊದಲಿಗೇ ಬಂತು. ಬೇವಿನ ಕಡ್ಡಿ, ಪೊರಕೆ ಕಡ್ಡಿ ಸಿಕ್ಕಿಸುವುದೂ ಹಾಗೇ.

ಮೆಡಿಕಲ್ ಸ್ಟೋರಿನಲ್ಲಿ ನಾರ್ಮಲ್ ಸಲೈನ್ ಸಣ್ಣ ಬಾಟಲಿ ಸಿಗುತ್ತದೆ, 0.9 ಶೇಕಡಾ ಉಪ್ಪಿನ ನೀರು. ಕೈ ಸೋಪಿನಲ್ಲಿ ತೊಳೆದುಕೊಂಡು, ದಿನಕ್ಕೆ ಎರಡು ಸಲ ಸಲೈನಿನಲ್ಲಿ ಅದ್ದಿದ ಶುಚಿಯಾದ ಗಾಜ್ ಬಟ್ಟೆಯಿಂದ ಮುಂದೆ ಹಿಂದೆ ಒರೆಸಿ, ಒಣಗಲು ಬಿಡಿ. ದಿನವೂ ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಹೊಸದಾಗಿ ಬೆಳೆಯುವ ಚರ್ಮವೇ ಸುಟ್ಟುಹೋಗುತ್ತದೆ. ಓಲೆ ತಿರುಗಿಸುತ್ತಿರಬೇಕು ಎಂಬ ಹಳೆಯ ಮಾತನ್ನು ಬಿಟ್ಟುಬಿಡಿ. ಕಟ್ಟಿದ ಹೆಕ್ಕಳೆ ಒಡೆದು ಒಳಗೆ ಹೋಗುತ್ತದೆ.

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರಿಗೆ ಇನ್ನೊಂದು ಮಾತು. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ದಿಂಬಿನ ಬಟ್ಟೆಯೇ ಒಣಗುವುದಿಲ್ಲ, ಗಾಯ ಒಣಗುವುದೆಲ್ಲಿ? ಸ್ಯೂಡೋಮೊನಾಸ್‌ಗೆ ಬೇಕಾದದ್ದೂ ಆ ತೇವವೇ. ಮಳೆ ನಿಂತು ಚಳಿ ಬಿದ್ದ ಮೇಲೆ ಚುಚ್ಚಿಸಿ. ಹೊಳೆ, ಕೆರೆ, ಜಲಪಾತ, ಈಜುಕೊಳ ಮಾಯುವವರೆಗೂ ದೂರ. ಕಾಫಿ ಕೊಯ್ಲಿಗೆ ಹೋಗುವವರು ಕಿವಿಯ ಮೇಲೆ ಶುಚಿಯಾದ ಬಟ್ಟೆ ಸಡಿಲವಾಗಿ ಕಟ್ಟಿಕೊಳ್ಳಿ. ಬೈಕಿನವರು ಹೆಲ್ಮೆಟ್ ಬಿಡುವಂತಿಲ್ಲ, ಹಾಗಾಗಿ ಅದನ್ನು ಹಾಕುವಾಗ ತೆಗೆಯುವಾಗ ಕೈಯಿಂದ ಅಗಲಿಸಿ ಕಿವಿಗೆ ತಾಗದಂತೆ ನೋಡಿಕೊಳ್ಳಿ.

ಮೊದಲ ಎರಡು ಮೂರು ದಿನ ಸ್ವಲ್ಪ ಕೆಂಪು, ಸ್ವಲ್ಪ ಊತ, ಬಿಳಿಚಿದ ತಿಳಿ ರಸ ಸಹಜ. ಹಳದಿ ಹಸಿರು ಕೀವು, ದಿನದಿಂದ ದಿನಕ್ಕೆ ಹೆಚ್ಚುವ ನೋವು, ಜ್ವರ, ಓಲೆ ಒಳಗೆ ಇಳಿಯುವುದು, ಕಿವಿಯ ಮೇಲ್ಭಾಗ ಬಿಸಿಯಾಗಿ ನಿಗುರುವುದು, ಇವುಗಳಲ್ಲಿ ಯಾವೊಂದು ಕಂಡರೂ ಕಾಯಬೇಡಿ. ಓಲೆಯನ್ನು ನೀವೇ ಕಿತ್ತು ತೆಗೆಯಬೇಡಿ. ತೂತಿನ ಬಾಯಿ ಮುಚ್ಚಿಕೊಂಡು ಕೀವು ಒಳಗೇ ಉಳಿಯಬಹುದು. ತೆಗೆಯುವುದೋ ಬಿಡುವುದೋ ನೋಡಿದ ಡಾಕ್ಟರು ಹೇಳಲಿ. ಖಾಸಗಿಗೆ ದುಡ್ಡಿಲ್ಲವೆಂದು ತಡ ಮಾಡುವವರಿದ್ದಾರೆ. ಹಾಸನದಲ್ಲಿ ಹಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಚಿಕ್ಕಮಗಳೂರಿನಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಹೊರರೋಗಿ ಚೀಟಿ ಮಾಡಿಸಿ ಕಿವಿ ಮೂಗು ಗಂಟಲಿನವರನ್ನು ನೋಡಬೇಕು ಎಂದರೆ ಸಾಕು.

ನಮ್ಮ ಮನೆಯಲ್ಲಿ ಕೊನೆಗೆ ತೀರ್ಮಾನವಾದದ್ದು ಹೀಗೆ. ಮಗುವಿನ ಮೂರೂ ಪೆಂಟಾವೇಲೆಂಟ್ ಮುಗಿದಿವೆ, ಕಾರ್ಡು ನೋಡಿದೆ. ಶುಕ್ರವಾರ ಬೆಳಿಗ್ಗೆ ಆಚಾರರು ಹಾಸನದ ಮನೆಗೇ ಬರುತ್ತಾರೆ. ಸೋದರಮಾವನ ತೊಡೆಯ ಮೇಲೆ ಕೂರಿಸಿ, ಪೂಜೆ ಮಾಡಿ, ಎರಡು ಕಿವಿಗೂ ಪೆನ್ನಿನಲ್ಲಿ ಚುಕ್ಕೆ ಇಡುವುದು ಅವರು. ದಕ್ಷಿಣೆ, ತಾಂಬೂಲ ಎಲ್ಲ ಅವರಿಗೇ. ಅಲ್ಲಿಂದ ನೇರ ಮಕ್ಕಳ ಡಾಕ್ಟರ ಕ್ಲಿನಿಕ್ಕು, ಅಲ್ಲೂ ಅದೇ ಸೋದರಮಾವನ ತೊಡೆ. ಆ ಚುಕ್ಕೆಯ ಮೇಲೆ ಸೂಜಿ. ಹಾಕುವುದು ಆಚಾರರೇ ಮಾಡಿದ 22 ಕ್ಯಾರೆಟ್ಟಿನ ಮುರ, ಅಂದರೆ ಕಿವಿಯ ಸಣ್ಣ ರಿಂಗು. ಚಿಕ್ಕಮ್ಮ ಮಗುವಿನ ತಲೆ ಅಲುಗದಂತೆ ಹಿಡಿಯುತ್ತೇನೆಂದು ಒಪ್ಪಿಕೊಂಡಿದ್ದಾರೆ. ಮುರವನ್ನು ಆಟೋಕ್ಲೇವಿಗೆ ಹಾಕಲು ಗುರುವಾರವೇ ಕ್ಲಿನಿಕ್ಕಿಗೆ ಕೊಟ್ಟು ಬರಬೇಕು, ಆ ಕೆಲಸ ನನ್ನದು.